ನೆಟ್‌ವರ್ಕ್ ಇಲ್ಲದ ಊರಿನ ದಾರಿ

ಸಾಗರ ತಾಲೂಕಿನಲ್ಲಿ ದನದ ಡಾಕ್ಟರಾಗಿ ಕೆಲಸ ಮಾಡುವವರಿಗೆ ವಿಳಾಸ ಸಿಗುವುದು ಫೋನಿನಲ್ಲಿ ಕೇಳುವ ಮಾತಿನ ರೂಪದಲ್ಲಿ. "ಡಾಕ್ಟ್ರಮ್ಮ, ಸೊಸೈಟಿ ಕಳೆದು ಎರಡನೇ ತಿರುವು, ಅಲ್ಲೊಂದು ದೊಡ್ಡ ಹಲಸಿನ ಮರ ಸಿಗ್ತದೆ, ಅಲ್ಲಿಂದ ಕೆಳಗಿಳಿದ್ರೆ ನಮ್ಮ ಮನೆಯೇ." ಹೇಳುವವರಿಗೆ ಅದು ಕಣ್ಣಿಗೆ ಕಟ್ಟಿದಂತಿರುತ್ತದೆ. ಜುಲೈ ತಿಂಗಳ ರಾತ್ರಿ, ಹೆಡ್‌ಲೈಟಿನ ಬೆಳಕು ಹತ್ತು ಮಾರು ದಾಟದ ಮಳೆಯಲ್ಲಿ, ಯಾವ ಮರ ನೋಡಿದರೂ ಹಲಸಿನ ಮರದಂತೆಯೇ ಕಾಣುತ್ತದೆ. ಹಾಲುಜ್ವರ ಬಂದ ಹಸು ನೆಲ ಹಿಡಿದಿದ್ದರೆ ರಕ್ತನಾಳಕ್ಕೆ ಕ್ಯಾಲ್ಸಿಯಂ ಏರಿಸಲು ಕೆಲವು ಗಂಟೆಗಳಷ್ಟೇ ಅವಕಾಶ. ಕರು ಅಡ್ಡ ಸಿಕ್ಕಿಕೊಂಡಿದ್ದರೆ ಅದೂ ಇಲ್ಲ. ಹಾಗಾಗಿ ದಾರಿ ತೋರಿಸುವ ಯಂತ್ರವೂ ನನ್ನ ಔಷಧಿ ಪೆಟ್ಟಿಗೆಯ ಜೊತೆಗೇ ಹೊರಡುತ್ತದೆ.

ನನ್ನ ಜೀಪಿನಲ್ಲಿ ಫೋನೂ ಇದೆ, ಐದು ಇಂಚಿನ ಪರದೆಯ ಪ್ರತ್ಯೇಕ ನ್ಯಾವಿಗೇಟರೂ ಇದೆ. ಫೋನ್ ಇರುವಾಗ ಇನ್ನೊಂದು ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಬೆಂಗಳೂರಿನಿಂದ ಮೈಸೂರಿಗೆ, ಹುಬ್ಬಳ್ಳಿಯಿಂದ ಬೆಳಗಾವಿಗೆ ಹೆದ್ದಾರಿಯಲ್ಲೇ ಓಡಾಡುವವರು ಪ್ರತ್ಯೇಕ ಯಂತ್ರ ಕೊಳ್ಳಬೇಕಾಗಿಲ್ಲ. ಅವರಿಗೆ ಫೋನೇ ಸಾಕು, ಮುಂದೆ ಟ್ರಾಫಿಕ್ ಜಾಮ್ ಇದ್ದರೆ ಫೋನೇ ಚೆನ್ನಾಗಿ ಹೇಳುತ್ತದೆ. ಪಶ್ಚಿಮಘಟ್ಟದ ಒಳರಸ್ತೆಗಳಲ್ಲಿ ದಿನವೂ ತಿರುಗುವವರು, ಬಾಡಿಗೆಗೆ ಗಾಡಿ ಓಡಿಸುವವರು, ಫೋನನ್ನು ಕರೆಗಾಗಿ ಬಿಡುವಾಗಿ ಇಟ್ಟುಕೊಳ್ಳಲೇಬೇಕಾದವರು, ಇವರಿಗಷ್ಟೇ ಎರಡನೆಯ ಯಂತ್ರ ಬೇಕಾಗುವುದು. ನಾನು ದಾರಿ ನೋಡುತ್ತಿರುವಾಗಲೇ "ಹಸು ಎದ್ದು ನಿಂತಿದೆ, ಬರೋದು ಬೇಡ" ಎಂದೋ "ಬೇಗ ಬನ್ನಿ" ಎಂದೋ ಕರೆ ಬರುತ್ತದೆ. ಆಗ ನಕ್ಷೆ ಮುಚ್ಚಿಕೊಳ್ಳಬಾರದು, ಬ್ಯಾಟರಿಯೂ ಖಾಲಿಯಾಗಬಾರದು.

ಈ ಪುಟ್ಟ ಯಂತ್ರಗಳಿಗೂ ಒಂದು ಕಾಲವಿತ್ತು. ಅಮೆರಿಕದ ಸೇನೆಗಾಗಿ ಹುಟ್ಟಿದ ಜಿಪಿಎಸ್‌ನ ಸಂಕೇತವನ್ನು ಸಾರ್ವಜನಿಕರಿಗೆ ಬೇಕೆಂದೇ ಮಸುಕು ಮಾಡಿ ಕೊಡಲಾಗುತ್ತಿತ್ತು. 2000ದ ಮೇ ತಿಂಗಳಲ್ಲಿ ಆ ಮಸುಕನ್ನು ತೆಗೆದುಹಾಕಿದರು. ಸುಮಾರು ನೂರು ಮೀಟರಿನಷ್ಟು ತಪ್ಪುತ್ತಿದ್ದ ಲೆಕ್ಕ ಒಂದೇ ರಾತ್ರಿಯಲ್ಲಿ ಹತ್ತಿಪ್ಪತ್ತು ಮೀಟರಿಗೆ ಇಳಿಯಿತು, ಕಾರಿನವರಿಗೆ ಅದು ಉಪಯೋಗಕ್ಕೆ ಬಂತು. 2004ರಲ್ಲಿ ನೆದರ್ಲೆಂಡ್ಸ್‌ನ ಟಾಮ್‌ಟಾಮ್ ತನ್ನ 'ಗೋ', ಮರುವರ್ಷ ಗಾರ್ಮಿನ್ ತನ್ನ 'ನೂವಿ' ತಂದವು. ನಮ್ಮಲ್ಲಿ ಮ್ಯಾಪ್‌ಮೈಇಂಡಿಯಾ ಭಾರತದ ನಕ್ಷೆ ಸಿದ್ಧಪಡಿಸಿ ತನ್ನದೇ ನ್ಯಾವಿಗೇಟರ್‌ಗಳನ್ನು ಮಾರಿತು. 2009ರ ಕೊನೆಗೆ ಗೂಗಲ್ ತನ್ನ ಫೋನ್ ನಕ್ಷೆಯಲ್ಲಿ ತಿರುವು ತಿರುವಿಗೂ ದಾರಿ ಹೇಳುವ ಸೌಲಭ್ಯವನ್ನು ಉಚಿತವಾಗಿ ಕೊಡುವುದಾಗಿ ಘೋಷಿಸಿದ ದಿನವೇ ಗಾರ್ಮಿನ್, ಟಾಮ್‌ಟಾಮ್ ಷೇರುಗಳು ಕುಸಿದವು. ಈಗ ಅಂಗಡಿಯಲ್ಲಿ ಹೊಸ ನ್ಯಾವಿಗೇಟರ್ ಸಿಗುವುದು ಕಡಿಮೆ. ಹಲವರ ಕೈಗೆ ಬರುವುದು ವಿದೇಶದಲ್ಲಿರುವ ಮಗನೋ ಮಗಳೋ ತಂದುಕೊಟ್ಟದ್ದು, ಇಲ್ಲವೇ ಯಾರೋ ಬಳಸಿ ಬಿಟ್ಟದ್ದು. ಆದ್ದರಿಂದ ಕೊಳ್ಳುವವರು ಹೆಚ್ಚು ತಿಳಿದಿರಬೇಕು.

ಮೊದಲು ತಿಳಿಯಬೇಕಾದ ಸಂಗತಿಯನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ನೀವು ಎಲ್ಲಿದ್ದೀರಿ ಎಂದು ಹೇಳುವುದು ಉಪಗ್ರಹ. ಅಲ್ಲಿಂದ ಎಲ್ಲಿಗೆ, ಯಾವ ರಸ್ತೆಯಲ್ಲಿ ಹೋಗಬೇಕು ಎಂದು ಹೇಳುವುದು ನಕ್ಷೆ. ಇವು ಬೇರೆ ಬೇರೆ. ಜನ ಕೆಡುಕನ್ನೆಲ್ಲ ಉಪಗ್ರಹದ ಮೇಲೆ ಹೊರಿಸುತ್ತಾರೆ, ತಪ್ಪುವುದು ಹೆಚ್ಚಾಗಿ ನಕ್ಷೆ.

ಉಪಗ್ರಹದ ಕೆಲಸಕ್ಕೆ ಮೊಬೈಲ್ ಟವರ್ ಬೇಕಾಗಿಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, ತಮ್ಮೊಳಗಿನ ಪರಮಾಣು ಗಡಿಯಾರದ ಸಮಯವನ್ನು ಕೆಳಕ್ಕೆ ಕಳಿಸುತ್ತಲೇ ಇರುತ್ತವೆ. ನಿಮ್ಮ ಯಂತ್ರ ಕೇಳಿಸಿಕೊಳ್ಳುತ್ತದೆ ಅಷ್ಟೇ, ಮರಳಿ ಏನನ್ನೂ ಕಳಿಸುವುದಿಲ್ಲ. ಸಂಕೇತ ಬಂದು ಮುಟ್ಟಲು ಎಷ್ಟು ಹೊತ್ತಾಯಿತು ಎಂಬುದರಿಂದ ಉಪಗ್ರಹ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಹೀಗೆ ಕನಿಷ್ಠ ನಾಲ್ಕು ಉಪಗ್ರಹಗಳ ದೂರ ಸಿಕ್ಕರೆ ಜಾಗ ಗೊತ್ತಾಗುತ್ತದೆ. ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೇಡೌ ಕೂಡ ಇದೇ ಕೆಲಸ ಮಾಡುತ್ತವೆ. ನಮ್ಮ ಇಸ್ರೊ 2013ರಿಂದ ಹಾರಿಸುತ್ತ ಬಂದ ನಾವಿಕ್ ಉಪಗ್ರಹಗಳೂ ಇವೆ. ಅವುಗಳ ನ್ಯಾವಿಗೇಶನ್ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿದೆ, ಉಪಗ್ರಹ ನಿಯಂತ್ರಣ ಕೇಂದ್ರ ಹಾಸನದಲ್ಲಿದೆ. ಕೊಳ್ಳುವಾಗ ಒಂದಕ್ಕಿಂತ ಹೆಚ್ಚು ವ್ಯವಸ್ಥೆಯನ್ನು ಹಿಡಿಯುವ ಯಂತ್ರ ನೋಡಿ. ಘಾಟಿಯ ಕೊರಕಲಿನಲ್ಲಿ, ದಟ್ಟ ಕಾಡಿನ ಕೆಳಗೆ ಆಕಾಶ ಕಾಣುವುದೇ ಒಂದು ಪಟ್ಟಿಯಷ್ಟು. ಆ ಪಟ್ಟಿಯಲ್ಲಿ ನಾಲ್ಕು ಉಪಗ್ರಹ ಸಿಗಬೇಕಾದರೆ ಮೇಲೆ ಇರುವ ಒಟ್ಟು ಸಂಖ್ಯೆ ಹೆಚ್ಚಿದ್ದಷ್ಟೂ ಅನುಕೂಲ.

ಬಹಳ ದಿನ ಮುಚ್ಚಿಟ್ಟ ನ್ಯಾವಿಗೇಟರ್ ಹೊರಟ ತಕ್ಷಣ ಏನೂ ತೋರಿಸದೆ ಸುಮ್ಮನಿರುತ್ತದೆ. ಕೆಟ್ಟಿದೆ ಎಂದುಕೊಂಡು ಎತ್ತಿಟ್ಟವರನ್ನು ನೋಡಿದ್ದೇನೆ. ಯಾವ ಉಪಗ್ರಹ ಎಲ್ಲಿದೆ ಎಂಬ ಸವಿವರ ಮಾಹಿತಿ ಆಯಾ ಉಪಗ್ರಹದಿಂದಲೇ ಬರಬೇಕು, ಅದಕ್ಕೆ ಅರ್ಧ ನಿಮಿಷ ತಡೆಯಿಲ್ಲದ ಸಂಕೇತ ಸಿಗಬೇಕು. ಆ ಮಾಹಿತಿ ನಾಲ್ಕು ಗಂಟೆಯಲ್ಲಿ ಹಳಸುತ್ತದೆ. ಎಲ್ಲ ಉಪಗ್ರಹಗಳ ಸ್ಥೂಲ ಪಂಚಾಂಗ ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. ಫೋನ್ ಇದನ್ನೆಲ್ಲ ಮೊಬೈಲ್ ಜಾಲದಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ, ಅದಕ್ಕೇ ಅದು ಚುರುಕು ಎನ್ನಿಸುವುದು. ಹಳೆಯ ನ್ಯಾವಿಗೇಟರಿಗೆ ಆ ನೆರವಿಲ್ಲ. ಮದ್ದು ಸರಳ. ಔಷಧಿ ಪೆಟ್ಟಿಗೆ ತುಂಬುವಾಗಲೇ ಯಂತ್ರವನ್ನು ಆನ್ ಮಾಡಿ ಅಂಗಳದಲ್ಲಿ, ಆಕಾಶ ಬಿಚ್ಚಿರುವ ಕಡೆ ಇಡುತ್ತೇನೆ. ಕಾರು ನಿಂತಿರುವಾಗ ಅದು ಬೇಗ ಹಿಡಿಯುತ್ತದೆ. ಅಡಿಕೆ ತೋಟದ ನಡುವೆ ಓಡುತ್ತಿರುವಾಗ ಸಂಕೇತ ಪದೇ ಪದೇ ತುಂಡಾಗಿ, ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಇನ್ನು ನಕ್ಷೆ. ನಮ್ಮ ತಾಲೂಕಿನಲ್ಲೇ ಕಣ್ಣೆದುರಿನ ಉದಾಹರಣೆ ಇದೆ. ಲಿಂಗನಮಕ್ಕಿಯ ಹಿನ್ನೀರು ಕರೂರು, ಬಾರಂಗಿ ಹೋಬಳಿಗಳನ್ನು ಸಾಗರದಿಂದ ದಶಕಗಳ ಕಾಲ ಬೇರ್ಪಡಿಸಿತ್ತು. ಸಿಗಂದೂರಿಗೆ, ತುಮರಿಗೆ ಹೋಗಬೇಕೆಂದರೆ ಹೊಳೆಬಾಗಿಲಿನಲ್ಲಿ ಲಾಂಚ್ ಕಾಯಬೇಕಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಹೊಸನಗರ, ನಗರ, ನಿಟ್ಟೂರು ಸುತ್ತಿ ಬರಬೇಕು. ಬೇಸಿಗೆಯಲ್ಲಿ ನೀರಿಳಿದರೆ ಲಾಂಚ್‌ಗೆ ವಾಹನ ಹತ್ತಿಸುತ್ತಲೇ ಇರಲಿಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ ಸಂಚಾರಕ್ಕೆ ತೆರೆಯಿತು. ಆ ಕಡೆಯ ದನಕರುಗಳಿಗೆ ರಾತ್ರಿ ವೈದ್ಯರು ಸಿಗುವಂತಾದದ್ದು ಆ ದಿನದಿಂದ. ಆದರೆ ಅದಕ್ಕಿಂತ ಹಳೆಯ ನಕ್ಷೆ ತುಂಬಿದ ಯಂತ್ರಕ್ಕೆ ಸೇತುವೆಯ ಸುದ್ದಿಯೇ ಇಲ್ಲ. ನೀರು ಬಂದಲ್ಲಿಗೆ ರಸ್ತೆ ಮುಗಿಯಿತು ಎನ್ನುತ್ತದೆ, ಇಲ್ಲವೇ ಲಾಂಚ್ ಹತ್ತಿ ಎನ್ನುತ್ತದೆ. ಸೇತುವೆಯ ಮೇಲೆ ಹೋಗುವಾಗ ಪರದೆಯಲ್ಲಿ ಜೀಪು ನೀಲಿ ನೀರಿನ ನಡುವೆ ತೇಲುತ್ತಿರುತ್ತದೆ. ಉಪಗ್ರಹ ಅಲ್ಲಿ ಒಂದಿಷ್ಟೂ ತಪ್ಪಿಲ್ಲ.

ಮಲೆನಾಡಿನಲ್ಲಿ ಇನ್ನೊಂದು ತೊಡಕಿದೆ. ಬಯಲುಸೀಮೆಯಲ್ಲಿ ಊರೆಂದರೆ ಒತ್ತಾಗಿ ಕಟ್ಟಿದ ಮನೆಗಳು. ನಮ್ಮಲ್ಲಿ ಒಂದು ಊರಿನ ಮನೆಗಳು ಗುಡ್ಡದ ಮೂರು ಮಗ್ಗುಲಲ್ಲಿ ಚೆಲ್ಲಿರುತ್ತವೆ. ನಕ್ಷೆಯಲ್ಲಿ ಊರಿನ ಹೆಸರು ಬರೆದ ಚುಕ್ಕೆ ಎಲ್ಲೋ ಒಂದು ಕಡೆ ಕೂತಿರುತ್ತದೆ, ಅಲ್ಲಿಗೆ ಹೋದರೆ ಒಂದು ಬೇಣವೂ ನಾಲ್ಕು ಎಮ್ಮೆಯೂ ಕಾಣುತ್ತವೆ. ಇನ್ನು ಕೆಲವು ಕಡೆ ಹಳ್ಳ ದಾಟಲು ಅಡಿಕೆ ಮರ ಹಾಸಿದ ಕಾಲುಸಂಕದ ಜಾಡೂ ನಕ್ಷೆಯಲ್ಲಿ ರಸ್ತೆಯಂತೆ ಗೆರೆಯಾಗಿರುತ್ತದೆ. ಯಂತ್ರಕ್ಕೆ ಅದು ಹತ್ತಿರದ ದಾರಿ. ಆದ್ದರಿಂದ ನನ್ನ ಯಂತ್ರದಲ್ಲಿ ಮೊದಲು ಬದಲಿಸಿದ ಸೆಟ್ಟಿಂಗ್ 'ಹತ್ತಿರದ ದಾರಿ' ಎಂಬುದು. ಅದನ್ನು ತೆಗೆದು 'ಬೇಗ ತಲುಪುವ ದಾರಿ' ಇಟ್ಟೆ, 'ಮಣ್ಣಿನ ರಸ್ತೆ ಬಿಡು' ಎಂಬುದನ್ನು ದೂರದ ಪ್ರಯಾಣಕ್ಕೆ ಆನ್ ಮಾಡುತ್ತೇನೆ, ತಾಲೂಕಿನೊಳಗೆ ಆಫ್ ಮಾಡುತ್ತೇನೆ. ಆಫ್ ಮಾಡದಿದ್ದರೆ ನಮ್ಮ ಅರ್ಧ ಮನೆಗಳಿಗೆ ದಾರಿಯೇ ಇಲ್ಲ ಎಂದುಬಿಡುತ್ತದೆ.

ಯಂತ್ರಕ್ಕೆ ಹೊತ್ತಿನ ಪರಿವೆಯೂ ಕಡಿಮೆ. ಬಂಡೀಪುರದ ಕಾಡಿನೊಳಗಿನ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಷೇಧವಿದೆ. ಮಳೆಗಾಲದಲ್ಲಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಗುಡ್ಡ ಕುಸಿದು ದಾರಿ ಮುಚ್ಚುವುದು ನಮಗೆಲ್ಲ ಗೊತ್ತಿರುವುದೇ. ಹಳೆಯ ನ್ಯಾವಿಗೇಟರಿಗೆ ಇದು ಯಾವುದೂ ತಿಳಿಯದು. ಜಾಲಕ್ಕೆ ಅಂಟಿಕೊಂಡ ಫೋನ್ ನಕ್ಷೆಗಾದರೂ ಯಾರಾದರೂ ತಿಳಿಸಿದರೆ ತಾನೇ ಗೊತ್ತಾಗುವುದು? 2024ರ ನವೆಂಬರಿನಲ್ಲಿ ಉತ್ತರಪ್ರದೇಶದ ಬರೇಲಿಯ ಬಳಿ ರಾಮಗಂಗಾ ನದಿಯ ಅಪೂರ್ಣ ಸೇತುವೆಯಿಂದ ಕಾರು ಕೆಳಗೆ ಬಿದ್ದು ಮೂವರು ಸತ್ತರು. ಅವರು ನಕ್ಷೆ ತೋರಿಸಿದ ದಾರಿಯಲ್ಲಿ ಬಂದಿದ್ದರು ಎಂದು ವರದಿಯಾಯಿತು. ಸೇತುವೆಯ ಒಂದು ಭಾಗ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ಆ ಸುದ್ದಿ ಓದಿದ ಮೇಲೆ ನನ್ನ ಜೀಪು ಓಡಿಸುವ ಹುಡುಗನಿಗೆ ಒಂದು ಕಟ್ಟುನಿಟ್ಟು ಮಾಡಿದ್ದೇನೆ. ಗೊತ್ತಿಲ್ಲದ ರಸ್ತೆಯಲ್ಲಿ ರಾತ್ರಿ ಸೇತುವೆ ಸಿಕ್ಕರೆ ಗಾಡಿ ನಿಲ್ಲಿಸು, ಇಳಿದು ಟಾರ್ಚ್ ಬಿಟ್ಟು ನೋಡು, ಆಮೇಲೆ ದಾಟು. ಹಸು ಐದು ನಿಮಿಷ ಕಾಯುತ್ತದೆ.

ಹಾಗಾಗಿ ಕೊಳ್ಳುವಾಗ ಅಂಗಡಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಇದರೊಳಗಿನ ಭಾರತದ ನಕ್ಷೆ ಯಾವ ವರ್ಷದ್ದು? ಎರಡನೆಯದು, ಹೊಸದನ್ನು ತುಂಬಲು ದುಡ್ಡು ಕೊಡಬೇಕೇ? ಗಾರ್ಮಿನ್‌ನ ಹಲವು ಮಾದರಿಗಳ ಹೆಸರಿನ ಕೊನೆಗೆ ಎಲ್‌ಎಂ ಎಂದಿರುತ್ತದೆ, ನಕ್ಷೆಯ ನವೀಕರಣ ಉಚಿತ ಎಂಬುದಕ್ಕೆ ಅದು ಗುರುತು. ಟಿ ಸೇರಿದ್ದರೆ ಟ್ರಾಫಿಕ್ ಮಾಹಿತಿಯೂ ಇದೆ ಎಂದರ್ಥ. ಅಮೆರಿಕದಿಂದಲೋ ಯುರೋಪಿನಿಂದಲೋ ತಂದ ಯಂತ್ರದಲ್ಲಿ ಆ ಟ್ರಾಫಿಕ್ ಸೇವೆ ಅಲ್ಲಿಗಾಗಿ ಇರುವುದು, ಉಚಿತ ನಕ್ಷೆಯೂ ಆ ಖಂಡದ್ದೇ. ಅಂಥದ್ದನ್ನು ಕಸವೆಂದು ಎಸೆಯಬೇಡಿ. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸ್ವಯಂಸೇವಕರ ನಕ್ಷೆಯನ್ನು ಗಾರ್ಮಿನ್ ಯಂತ್ರಕ್ಕೆ ಹೊಂದುವಂತೆ ಮಾಡಿದ ಕಡತಗಳು ಉಚಿತವಾಗಿ ಸಿಗುತ್ತವೆ. ಮೆಮರಿ ಕಾರ್ಡಿಗೆ ಹಾಕಿ ತೂರಿಸಿದರೆ ಆಯಿತು. ಇದರ ಇನ್ನೊಂದು ಚಂದವೆಂದರೆ ನಿಮ್ಮೂರಿನ ಬಿಟ್ಟುಹೋದ ರಸ್ತೆಯನ್ನು ನೀವೇ ಅದಕ್ಕೆ ಸೇರಿಸಬಹುದು. ಮಲೆನಾಡಿನ ಕಾಲೇಜು ಹುಡುಗ ಹುಡುಗಿಯರು ರಜೆಯಲ್ಲಿ ಈ ಕೆಲಸಕ್ಕೆ ಕೂತರೆ ಆಂಬುಲೆನ್ಸಿನವರಿಂದ ಹಿಡಿದು ನನ್ನಂಥವರವರೆಗೆ ಎಲ್ಲರಿಗೂ ಉಪಕಾರ.

ಹಳೆಯದನ್ನು ಕೊಳ್ಳುವಾಗ ತೋರಿಸುವ ದಿನಾಂಕ ಸರಿ ಇದೆಯೇ ನೋಡಿ. ಜಿಪಿಎಸ್ ವಾರಗಳನ್ನು 1,023ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. ಹೀಗೆ ಕೊನೆಯ ಬಾರಿ ಸೊನ್ನೆಗೆ ಬಂದದ್ದು 2019ರ ಏಪ್ರಿಲ್ 6ರ ರಾತ್ರಿ. ಅದಕ್ಕೆ ಸಿದ್ಧವಾಗದ ಹಳೆಯ ಯಂತ್ರಗಳು ಸುಮಾರು ಹತ್ತೊಂಬತ್ತೂವರೆ ವರ್ಷ ಹಿಂದಿನ ದಿನಾಂಕ ತೋರಿಸುತ್ತವೆ, ಕೆಲವು ಜಾಗವನ್ನೇ ಹಿಡಿಯುವುದಿಲ್ಲ. ಹಿಂಬದಿ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. 2010ರಲ್ಲಿ ಬ್ಯಾಟರಿ ಬಿಸಿಯೇರುವ ಅಪಾಯವಿದೆಯೆಂದು ಗಾರ್ಮಿನ್ ಸಂಸ್ಥೆಯೇ ಸುಮಾರು 12.5 ಲಕ್ಷ ನೂವಿಗಳನ್ನು ವಾಪಸ್ ಕರೆಸಿಕೊಂಡಿತ್ತು. ಪರದೆ ಐದು ಇಂಚಿಗಿಂತ ಕಡಿಮೆಯಾದರೆ ನಲವತ್ತು ದಾಟಿದ ಕಣ್ಣಿಗೆ ಕಷ್ಟ. ಏಳು ಇಂಚಾದರೆ ರಸ್ತೆಗೇ ಅಡ್ಡ. ಫೋನಿನಂಥ ನಯವಾದ ಪರದೆಗಿಂತ ಒತ್ತಿದರೆ ಮಣಿಯುವ ಹಳೆಯ ಮಾದರಿಯ ಪರದೆ ನನಗೆ ಇಷ್ಟ, ಒದ್ದೆ ಬೆರಳಿಗೂ ಕೈಗವಸಿಗೂ ಅದು ಓಗೊಡುತ್ತದೆ. ಜೀಪಿನ ತಗಡಿನ ಮೇಲೆ ಮಳೆ ಹೊಡೆಯುವಾಗ ಸ್ಪೀಕರಿನ ಮಾತು ಕೇಳಿಸುತ್ತದೆಯೇ ಎಂಬುದನ್ನಂತೂ ಪರೀಕ್ಷಿಸಲೇಬೇಕು. ಕನ್ನಡದಲ್ಲಿ ಹೇಳುವ ದನಿ ಬೇಕೆನ್ನುವವರಿಗೆ ಫೋನೇ ಸರಿ. ಗೂಗಲ್ ನಕ್ಷೆ 2018ರಿಂದ ಕನ್ನಡದಲ್ಲಿ ದಾರಿ ಹೇಳುತ್ತಿದೆ.

ಜೊತೆಗೆ ಕೊಳ್ಳುವ ಸಾಮಾನಿನಲ್ಲಿ ಜನ ಹೆಚ್ಚು ಜಿಪುಣತನ ಮಾಡುತ್ತಾರೆ, ಹೆಚ್ಚು ತೊಂದರೆಯೂ ಅಲ್ಲಿಂದಲೇ. ಗಾಜಿಗೆ ಅಂಟುವ ರಬ್ಬರ್ ಬಟ್ಟಲನ್ನು ಧೂಳಿನ ಮೇಲೆ ಒತ್ತಿದರೆ ಮೊದಲ ಗುಂಡಿಗೇ ಬೀಳುತ್ತದೆ. ಗಾಜನ್ನೂ ರಬ್ಬರನ್ನೂ ಸ್ಪಿರಿಟ್ ಹಚ್ಚಿ ಒರೆಸಿ, ಒಣಗಿದ ಮೇಲೆ ಕೂರಿಸಿ. ಇದು ಇಂಜೆಕ್ಷನ್ ಹಾಕುವ ಮೊದಲು ಚರ್ಮ ಒರೆಸಿದಂತೆ. ಮಣ್ಣಿನ ರಸ್ತೆಯವರಿಗೆ ಡ್ಯಾಶ್‌ಬೋರ್ಡ್ ಮೇಲೆ ಕೂರುವ, ಒಳಗೆ ಮರಳಿನಂಥ ಭಾರ ತುಂಬಿದ ಮೆತ್ತೆ ಇನ್ನೂ ಒಳ್ಳೆಯದು. ಎಲ್ಲಿ ಕೂರಿಸಿದರೂ ಚಾಲಕರ ನೋಟಕ್ಕೆ ಅಡ್ಡ ಬರಬಾರದು, ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗದಲ್ಲಿರಬಾರದು. 2020ರ ಅಕ್ಟೋಬರಿನಿಂದ ಜಾರಿಗೆ ಬಂದ ಮೋಟಾರು ವಾಹನ ನಿಯಮದಂತೆ ಚಾಲನೆಯಲ್ಲಿರುವಾಗ ಕೈಯಲ್ಲಿ ಹಿಡಿಯುವಂಥ ಸಾಧನವನ್ನು ದಾರಿ ನೋಡುವುದಕ್ಕೆ ಮಾತ್ರ, ಅದೂ ಗಮನ ಕೆಡದಂತೆ, ಬಳಸಬಹುದು. ಫೋನನ್ನು ತೊಡೆಯ ಮೇಲಿಟ್ಟುಕೊಂಡು ಬಗ್ಗಿ ನೋಡುವವರು ನನ್ನ ಸಹೋದ್ಯೋಗಿಗಳಲ್ಲೂ ಇದ್ದಾರೆ, ಅವರಿಗೆ ಸ್ಟ್ಯಾಂಡ್ ಕೊಳ್ಳಿ ಎಂದು ಗೋಗರೆಯುತ್ತೇನೆ. ಗಾಜಿಗೆ ಲೋಹದ ಅಂಶವಿರುವ ಸನ್ ಫಿಲ್ಮ್ ಹಚ್ಚಿದ್ದರೆ ಅದು ಉಪಗ್ರಹದ ಸಂಕೇತವನ್ನೇ ತಡೆಯುತ್ತದೆ. ಬಿಸಿಲು ತಡೆಯುವ ಲೇಪವಿರುವ ಕೆಲವು ದುಬಾರಿ ಕಾರುಗಳ ಗಾಜಿನಲ್ಲೂ ಇದೇ ತೊಂದರೆ. ಅಂಥ ಗಾಜಿನಲ್ಲಿ ಒಳಗನ್ನಡಿಯ ಹತ್ತಿರ ಲೇಪವಿಲ್ಲದ ಒಂದು ಜಾಗ ಬಿಟ್ಟಿರುತ್ತಾರೆ, ಯಂತ್ರ ಅದರ ಹಿಂದಿದ್ದರೆ ಸರಿಹೋಗುತ್ತದೆ.

ಕೇಬಲ್ ವಿಷಯದಲ್ಲಿ ಒಂದು ಗುಟ್ಟು ಇದೆ. ಹಳೆಯ ನೂವಿಗೆ ಸಾಧಾರಣ ಯುಎಸ್‌ಬಿ ಕೇಬಲ್ ಹಾಕಿದರೆ ಅದು ತನ್ನನ್ನು ಕಂಪ್ಯೂಟರಿಗೆ ಜೋಡಿಸಿದ್ದಾರೆ ಎಂದು ತಿಳಿದು ನಕ್ಷೆ ತೋರಿಸುವುದನ್ನೇ ನಿಲ್ಲಿಸುತ್ತದೆ. ಕಾರಿಗೆಂದೇ ಮಾಡಿದ ಕೇಬಲ್ಲಿನ ತುದಿಯ ಒಂದು ಪಿನ್ನಿನಲ್ಲಿ ರೆಸಿಸ್ಟರ್ ಇರುತ್ತದೆ, ಅದರಿಂದ ಯಂತ್ರಕ್ಕೆ ಗುರುತು ಸಿಗುತ್ತದೆ. ಕೊಂಡ ಯಂತ್ರದ ಜೊತೆ ಈ ಕೇಬಲ್ ಬಂದಿದೆಯೇ ನೋಡಿಕೊಳ್ಳಿ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಹಾಕುವ ಪ್ಲಗ್ಗಿನ ತುದಿಯನ್ನು ತಿರುಗಿಸಿ ಬಿಚ್ಚಿದರೆ ಒಳಗೆ ಪುಟ್ಟ ಗಾಜಿನ ಫ್ಯೂಸ್ ಇರಬಹುದು. ಚಾರ್ಜ್ ಆಗುತ್ತಿಲ್ಲವೆಂದು ಹೊಸ ಚಾರ್ಜರ್ ತರುವ ಮೊದಲು ಅದನ್ನು ನೋಡಿ. ಲಾರಿ, ಬಸ್ಸಿನವರು 12 ರಿಂದ 24 ವೋಲ್ಟ್ ಎಂದು ಬರೆದದ್ದನ್ನೇ ಕೊಳ್ಳಬೇಕು, ಕಾರಿನದ್ದು ಅಲ್ಲಿ ಸುಟ್ಟುಹೋಗುತ್ತದೆ. ಕೀಲಿಕೈ ತೆಗೆದ ಮೇಲೂ ಸಾಕೆಟ್ಟಿಗೆ ಕರೆಂಟ್ ಹರಿಯುವ ಗಾಡಿಯಾದರೆ ಇಳಿಯುವಾಗ ಪ್ಲಗ್ ಕಿತ್ತಿಡಿ, ಇಲ್ಲದಿದ್ದರೆ ಬೆಳಿಗ್ಗೆ ಗಾಡಿ ತಳ್ಳಬೇಕಾಗುತ್ತದೆ. ಯಂತ್ರವನ್ನೂ ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಬಿಡಬಾರದು. ಕದಿಯುವವರ ಭಯ ಒಂದಾದರೆ, ಬ್ಯಾಟರಿಯ ಆಯಸ್ಸು ಇನ್ನೊಂದು.

ನನ್ನ ಪಾಲಿಗೆ ಯಂತ್ರದ ನಿಜವಾದ ಬೆಲೆ ಒಂದು ನೋಟ್ ಪುಸ್ತಕದಲ್ಲಿದೆ. ಮೊದಲ ಬಾರಿ ಒಂದು ಮನೆಗೆ ಹೋದಾಗ ಉಣುಗೋಲಿನ ಎದುರು ಜೀಪು ನಿಲ್ಲಿಸಿ ಆ ಜಾಗದ ಅಕ್ಷಾಂಶ, ರೇಖಾಂಶ ಬರೆದುಕೊಳ್ಳುತ್ತೇನೆ. ದಶಮಾಂಶದ ನಂತರ ನಾಲ್ಕು ಅಂಕಿ ಇದ್ದರೆ ಹತ್ತು ಹನ್ನೊಂದು ಮೀಟರಿನೊಳಗೆ ಕರೆದೊಯ್ಯುತ್ತದೆ, ಮನೆ ಹುಡುಕಲು ಅಷ್ಟು ಸಾಕು. ಯಜಮಾನರ ಹೆಸರು, ದನಗಳ ವಿವರ, ಕೊಟ್ಟ ಔಷಧಿ, ಪಕ್ಕದಲ್ಲಿ ಈ ಎರಡು ಸಂಖ್ಯೆ. ನನ್ನ ಬದಲಿಗೆ ಬೇರೆ ವೈದ್ಯರು ಹೋಗಬೇಕಾದಾಗ ಪುಟದ ಫೋಟೊ ಕಳಿಸಿದರೆ ಮುಗಿಯಿತು. ಒಂದೇ ಎಚ್ಚರ ಬೇಕು. 14.25 ಡಿಗ್ರಿ ಎಂದರೆ 14 ಡಿಗ್ರಿ 15 ನಿಮಿಷ. ಯಂತ್ರ ಡಿಗ್ರಿ, ನಿಮಿಷದ ಸೆಟ್ಟಿಂಗಿನಲ್ಲಿರುವಾಗ ಅದನ್ನು 14 ಡಿಗ್ರಿ 25 ನಿಮಿಷ ಎಂದು ತುಂಬಿದರೆ ಹದಿನೆಂಟು ಕಿಲೋಮೀಟರಿಗಿಂತ ಹೆಚ್ಚು ಉತ್ತರಕ್ಕೆ ಹೋಗುತ್ತೀರಿ. ಫೋನಿನಿಂದ ನ್ಯಾವಿಗೇಟರಿಗೆ ಸಂಖ್ಯೆ ದಾಟಿಸುವಾಗ ಎರಡೂ ಒಂದೇ ಕ್ರಮದಲ್ಲಿವೆಯೇ ನೋಡಿಕೊಳ್ಳಿ.

ಪ್ರತ್ಯೇಕ ಯಂತ್ರ ಕೊಳ್ಳುವ ಮನಸ್ಸಿಲ್ಲದವರು ಫೋನಿನಲ್ಲೇ ಗೂಗಲ್ ನಕ್ಷೆ ತೆರೆದು, ಹೋಗುವ ಜಿಲ್ಲೆಯ ಆಫ್‌ಲೈನ್ ನಕ್ಷೆಯನ್ನು ಮನೆಯ ವೈಫೈಯಲ್ಲಿ ಇಳಿಸಿಕೊಂಡು ಹೊರಡಲಿ. ಘಾಟಿಯಲ್ಲಿ ನೆಟ್‌ವರ್ಕ್ ಹೋದರೂ ದಾರಿ ಹೋಗುವುದಿಲ್ಲ. ಆ ನಕ್ಷೆಗೆ ಅವಧಿಯಿರುತ್ತದೆ, ಆಗಾಗ ಹೊಸದು ಮಾಡಿಕೊಳ್ಳಬೇಕು.

ನ್ಯಾವಿಗೇಟರಿನಲ್ಲಿ 'ಮನೆ' ಎಂಬ ಗುಂಡಿ ಇರುತ್ತದೆ. ಅಲ್ಲಿ ನಿಮ್ಮ ಮನೆ ಬಾಗಿಲಿನ ಜಾಗ ತುಂಬಬೇಡಿ, ಹತ್ತಿರದ ಪೆಟ್ರೋಲ್ ಬಂಕ್ ತುಂಬಿ. ಅಲ್ಲಿಂದ ಮುಂದಿನ ದಾರಿ ನಿಮಗೆ ಗೊತ್ತೇ ಇದೆ. ಗಾಡಿಯಿಂದ ಯಂತ್ರ ಕದ್ದವರಿಗೆ ನಿಮ್ಮ ಮನೆಯ ದಾರಿ ತಿಳಿಯಬೇಕಾಗಿಲ್ಲ. ಯಾರಿಗಾದರೂ ಕೊಡುವ ದಿನ ಬಂದರೆ ಉಳಿಸಿಟ್ಟ ಜಾಗಗಳನ್ನೂ ಓಡಾಡಿದ ದಾಖಲೆಯನ್ನೂ ಅಳಿಸಿ, ಮೆಮರಿ ಕಾರ್ಡನ್ನು ತೆಗೆದಿಟ್ಟುಕೊಂಡು, ಕಾರಿನ ಕೇಬಲ್ಲನ್ನು ಮಾತ್ರ ಮರೆಯದೆ ಜೊತೆಗೆ ಕೊಡಿ.